ಕಾಣದ ಕರೆಂಟು, ಕಾಣದ ದೇವರು

ಹುಬ್ಬಳ್ಳಿ-ಧಾರವಾಡದ ಶ್ರಾವಣದ ಪ್ರವಚನಗಳಲ್ಲಿ ಒಂದು ದೃಷ್ಟಾಂತ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ತಂತಿಯೊಳಗಿನ ಕರೆಂಟು ಕಣ್ಣಿಗೆ ಕಾಣದು, ಆದರೂ ಇದೆ; ದೇವರೂ ಹಾಗೆಯೇ. ಕೇಳಲು ಹಿತವಾದ ಮಾತು. ಆದರೆ ಇದರಿಂದ ಕರೆಂಟಿಗೂ ನ್ಯಾಯ ಸಿಗುವುದಿಲ್ಲ, ಭಕ್ತಿಗೂ ಸಿಗುವುದಿಲ್ಲ ಎಂಬುದು ನನ್ನ ವಾದ. ಕಾಣದ್ದನ್ನೆಲ್ಲ ನಾವು ಒಂದೇ ದಾರಿಯಿಂದ ಅರಿಯುವುದಿಲ್ಲ.

ವಿದ್ಯಾನಗರದ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ವಿದ್ಯಾರ್ಥಿ ಮಾಡುವುದನ್ನು ನೋಡಿ. ಹೀಟರಿಗೆ 230 ವೋಲ್ಟ್, ಹರಿಯುವ ಕರೆಂಟು 4.35 ಆಂಪಿಯರ್. ಭಾಗಿಸಿದರೆ ರೋಧ ಸುಮಾರು 53 ಓಮ್, ಗುಣಿಸಿದರೆ 1000 ವಾಟ್. ರೋಧವನ್ನು ಯಾರೂ ಕಂಡಿಲ್ಲ. ಅದು ಅನುಮಾನದಿಂದ, ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ, ಬಂದದ್ದು. ಮೀಟರಿನ ಮುಳ್ಳನ್ನು ಬಿಟ್ಟರೆ ಕರೆಂಟನ್ನಾದರೂ ಯಾರು ಕಂಡಿದ್ದಾರೆ ಎಂದು ಪ್ರತ್ಯಕ್ಷವನ್ನಷ್ಟೇ ನಂಬುವ ಚಾರ್ವಾಕರ ಕಡೆಯವರು ಕೇಳಿಯಾರು. ಸರಿಯಾದ ಪ್ರಶ್ನೆಯೇ. ಆದರೆ ಈ ಅನುಮಾನ ತನ್ನನ್ನು ಪರೀಕ್ಷೆಗೆ ಒಡ್ಡಿಕೊಳ್ಳುತ್ತದೆ. 25 ಡಿಗ್ರಿಯ 1 ಲೀಟರ್ ನೀರಿಗೆ ಅದೇ ಹೀಟರ್ ಇಳಿಸಿದರೆ 314 ಸೆಕೆಂಡಿನಲ್ಲಿ, ಪಾತ್ರೆಗೂ ಗಾಳಿಗೂ ಸೋರಿದ ಶಾಖ ಹಿಡಿದರೆ ಇನ್ನೂ ತುಸು ತಡವಾಗಿ, ನೀರು ಕುದಿಯಲೇಬೇಕು. ಗಡಿಯಾರಕ್ಕೆ ಓಮ್ ಗೊತ್ತಿಲ್ಲ, ಆಂಪಿಯರೂ ಗೊತ್ತಿಲ್ಲ. ಪರಸ್ಪರ ಸಂಬಂಧವಿಲ್ಲದ ಎರಡು ದಾರಿಗಳು ಒಂದೇ ಉತ್ತರಕ್ಕೆ ಬಂದು ಸೇರುತ್ತವೆ. ಅಲ್ಲಿಗೆ ಬರದಿದ್ದರೆ ಲೆಕ್ಕ ತಪ್ಪಿದೆ ಎಂದು ಒಪ್ಪಬೇಕಾಗುತ್ತದೆ.

ಈ ಲೆಕ್ಕಕ್ಕೂ ಮಿತಿ ಇದೆ. ನಮ್ಮ ನ್ಯಾಯದರ್ಶನದ ತಾರ್ಕಿಕರು, ನೈಯಾಯಿಕರು, ಇಂಥ ಷರತ್ತನ್ನು ಉಪಾಧಿ ಎಂದರು: ಹೊಗೆ ಇದ್ದಲ್ಲಿ ಬೆಂಕಿ ಇದೆ ಎನ್ನಬಹುದು, ಬೆಂಕಿ ಇದ್ದಲ್ಲೆಲ್ಲ ಹೊಗೆ ಇದೆ ಎನ್ನಲಾಗದು, ಅದಕ್ಕೆ ಹಸಿ ಕಟ್ಟಿಗೆಯೂ ಬೇಕು. 1827ರಲ್ಲಿ ಜಾರ್ಜ್ ಓಮ್ ಪ್ರಕಟಿಸಿದ ನಿಯಮಕ್ಕೂ ಉಪಾಧಿಯುಂಟು, ತಾಪ ಬದಲಾಗಬಾರದು. 100 ವಾಟಿನ ಹಳೆಯ ಟಂಗ್‌ಸ್ಟನ್ ಬಲ್ಬು ಆರಿರುವಾಗ ಮಲ್ಟಿಮೀಟರ್ ಹಚ್ಚಿದರೆ ಸುಮಾರು 40 ಓಮ್ ತೋರಿಸುತ್ತದೆ. ಅದನ್ನೇ ನಂಬಿ ಲೆಕ್ಕ ಹಾಕಿದರೆ ಆ ಬಲ್ಬು 1300 ವಾಟ್ ಮೀರುತ್ತದೆ! ಹೊತ್ತಿಸಿ ಅಳೆದರೆ ಕರೆಂಟು 0.43 ಆಂಪಿಯರ್, ರೋಧ 529 ಓಮ್. ಅದೇ ಬಲ್ಬು, ಅದೇ ತಂತಿ. ಕಾದಾಗ ರೋಧ ಹದಿಮೂರು ಪಟ್ಟಾಯಿತು. ಪಂಪಿನ ಮೋಟರಿಗೆ ಬಂದರೆ ವೋಲ್ಟು-ಆಂಪಿಯರ್ ಗುಣಿಸಿದ್ದೂ ಸಾಲದು, ಪವರ್ ಫ್ಯಾಕ್ಟರ್ ಸೇರಿಸಬೇಕು. ಯಾವ ಸ್ಥಿತಿಯಲ್ಲಿ ಅಳೆದದ್ದು ಎಂದು ಹೇಳದ ಅಂಕಿಗೆ ಬೆಲೆಯಿಲ್ಲ.

ಈಗ ದೃಷ್ಟಾಂತಕ್ಕೆ ಬರೋಣ. ವೋಲ್ಟೇಜೂ ಕರೆಂಟೂ ಜೊತೆಯಾಗಿ ಏರಿಳಿಯುವುದನ್ನು ಮೀಟರುಗಳಲ್ಲಿ ಪದೇ ಪದೇ ನೋಡಬಹುದು. ಒಂದಿದ್ದಲ್ಲಿ ಇನ್ನೊಂದು ಇದ್ದೇ ಇರುತ್ತದೆ ಎಂಬ ವ್ಯಾಪ್ತಿ ಹುಟ್ಟುವುದೇ ಹೀಗೆ ಎರಡನ್ನೂ ಒಟ್ಟಿಗೆ ಕಂಡಾಗ. ಬ್ರಹ್ಮದ ವಿಷಯದಲ್ಲಿ ಇದು ಸಾಧ್ಯವಿಲ್ಲವೆಂದು ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲೇ ಹೇಳಿದ್ದಾರೆ: ಬ್ರಹ್ಮ ಇಂದ್ರಿಯಗಳಿಗೆ ಸಿಗದು, ಆದ್ದರಿಂದ ಅದಕ್ಕೂ ಜಗತ್ತಿಗೂ ಇರುವ ಸಂಬಂಧವನ್ನು ಕಂಡು ಅನುಮಾನಿಸಲಾಗದು. ಹುಬ್ಬಳ್ಳಿಯ ಸಿದ್ಧಾರೂಢ ಮಠವೂ ಅದ್ವೈತದ್ದೇ ನೆಲೆ. ಅಲ್ಲಿ ಶಾಸ್ತ್ರಶ್ರವಣ ನಡೆಯುವುದು ಸಾಧಕನ ಸ್ವಂತ ಅನುಭವಕ್ಕಾಗಿ. ದೃಷ್ಟಾಂತ ಬರೀ ಅರ್ಥ ಮಾಡಿಸಲಿಕ್ಕೆ, ಸಾಬೀತಿಗಲ್ಲ ಎಂದು ಕೆಲವರು ಹೇಳಬಹುದು. ಅಷ್ಟೇ ಆಗಿದ್ದರೆ ನನ್ನ ತಕರಾರಿಲ್ಲ. ಆದರೆ ‘ಆದರೂ ಇದೆ’ ಎಂದಾಗ ಅದು ಸಾಬೀತಿನ ಜಾಗಕ್ಕೆ ಏರಿ ಕೂತಿರುತ್ತದೆ. ಹಾಗೆಂದು, ಮೀಟರಿನಲ್ಲಿ ಸಿಗದ ದೇವರು ಇಲ್ಲವೇ ಇಲ್ಲ ಎನ್ನುವವರಿಗೂ ಈ ಲೆಕ್ಕ ಆಸರೆಯಾಗದು. ಅವರ ಬಳಿಯೂ ಅಳೆಯಲು ಎರಡು ಅಂಕಿಗಳಿಲ್ಲ, ಭಾಗಿಸುವುದು ಯಾವುದರಿಂದ?