ದೇಹಕ್ಕೂ ಒಂದು ಹಕ್ಕು

ಫಿಸಿಯೋಥೆರಪಿಗೆ ಹೋಗುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಎರಡು ನಿರೀಕ್ಷೆಗಳಿರುತ್ತವೆ. ಅಲ್ಲೊಂದು ಯಂತ್ರವಿರುತ್ತದೆ, ಅದು ನೋವನ್ನು ಹೀರಿ ತೆಗೆಯುತ್ತದೆ ಎಂಬುದು ಒಂದು. ಇಷ್ಟು ದಿನಕ್ಕೆ ಗುಣವಾಗುತ್ತದೆ ಎಂದು ಅವರು ಖಚಿತವಾಗಿ ಹೇಳುತ್ತಾರೆ ಎಂಬುದು ಇನ್ನೊಂದು. ಅಮ್ಮಿಯನ್ನು ಕರೆದುಕೊಂಡು ಹೊರಟಾಗ ನನಗೂ ಇದ್ದದ್ದು ಇವೆರಡೇ.

ಅಮ್ಮಿಗೆ 66 ವರ್ಷ. ಸಕ್ಕರೆ ಕಾಯಿಲೆ ಬಂದು ಬಹಳ ಕಾಲವಾಯಿತು. ಕಳೆದ ಚಳಿಗಾಲದಲ್ಲಿ ಬಲಭುಜ ನೋಯತೊಡಗಿತು, ಆಮೇಲೆ ಬಿಗಿಯಿತು. ಡಾಕ್ಟರು ‘ಫ್ರೋಜನ್ ಶೋಲ್ಡರ್’ ಎಂದರು. ಕೀಲನ್ನು ಸುತ್ತಿರುವ ಪೊರೆ ದಪ್ಪಗಾಗಿ, ಕುಗ್ಗಿ, ತೋಳನ್ನು ಹಿಡಿದಿಟ್ಟುಬಿಡುತ್ತದಂತೆ. ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಫಿಸಿಯೋಥೆರಪಿ ಮಾಡಿಸಿ ಎಂದು ಚೀಟಿ ಬರೆದುಕೊಟ್ಟರು.

ಮೊದಲ ದಿನ ಅರ್ಧ ಗಂಟೆಯವರೆಗೆ ಆ ಹುಡುಗಿ ಯಾವ ಯಂತ್ರವನ್ನೂ ಮುಟ್ಟಲಿಲ್ಲ. ಹುಡುಗಿ ಎನ್ನುತ್ತಿದ್ದೇನೆ, ಅವರು ಕಲಿತು ಅನುಭವ ಪಡೆದ ಥೆರಪಿಸ್ಟ್. ನನ್ನ ಮಗಳಿಗಿಂತ ಹತ್ತು ವರ್ಷ ದೊಡ್ಡವರಿರಬಹುದು, ಅಷ್ಟೆ. ಹಳೆಯ ಎಕ್ಸ್‌ರೇ ನೋಡಿದರು, ಮಾತ್ರೆಗಳ ಹೆಸರು ಕೇಳಿದರು, ರಾತ್ರಿ ಯಾವ ಮಗ್ಗುಲಲ್ಲಿ ಮಲಗುತ್ತೀರಿ ಎಂದು ಕೇಳಿದರು. ಕೋನ ಅಳೆಯುವ ಒಂದು ಪಟ್ಟಿಯಿಟ್ಟು ತೋಳು ಎಷ್ಟು ಏಳುತ್ತದೆ ನೋಡಿ ಕಾರ್ಡಿನಲ್ಲಿ ಬರೆದರು. ಪಕ್ಕದಿಂದ ಎತ್ತಿದರೆ 180 ಡಿಗ್ರಿವರೆಗೆ ಹೋಗಬೇಕಾದ ತೋಳು 70ಕ್ಕೆ ನಿಂತಿತ್ತು. ಆಮೇಲೆ ಕೇಳಿದರು: “ನೋವು ಇರಲಿ ಅಮ್ಮಾ, ಯಾವ ಕೆಲಸ ಮಾಡಕ್ಕಾಗ್ತಿಲ್ಲ, ಅದು ಹೇಳಿ.”

“ಎಲ್ಲಾ ಕೆಲಸ ನಡೀತಿದೆ ಬೇಟಿ” ಎಂದರು ಅಮ್ಮಿ. ಸ್ವಲ್ಪ ಹೊತ್ತು ಸುಮ್ಮನಿದ್ದು ಸೇರಿಸಿದರು: “ಜಡೆ ಹಾಕ್ಕೊಳ್ಳಕ್ಕಾಗಲ್ಲ. ನಮಾಜಿಗೆ ಕೈ ಎತ್ತಕ್ಕಾಗಲ್ಲ.”

ನಮ್ಮ ಹನಫಿ ಪದ್ಧತಿಯಲ್ಲಿ ಹೆಂಗಸರು ತಕ್ಬೀರ್ ಹೇಳುವಾಗ ಕೈಗಳನ್ನು ಭುಜದ ಎತ್ತರಕ್ಕೆ ಎತ್ತುತ್ತಾರೆ. ಅಷ್ಟೂ ಆಗುತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದೂ ನನಗಿದು ಗೊತ್ತಿರಲಿಲ್ಲ. ಹೊರಗಿನವರೊಬ್ಬರು ಕೇಳಿದ್ದಕ್ಕೆ ಗೊತ್ತಾಯಿತು.

ಪರರ ಮೈ ಮುಟ್ಟುವ ಈ ವೃತ್ತಿಯ ಹುಟ್ಟಿನಲ್ಲೇ ಒಂದು ನೈತಿಕ ಪ್ರಶ್ನೆಯಿದೆ. 1894ರಲ್ಲಿ ಲಂಡನ್ನಿನಲ್ಲಿ ಅಂಗಮರ್ದನದ ಹೆಸರಿನಲ್ಲಿ ಬೇರೆ ವ್ಯವಹಾರ ನಡೆಯುತ್ತಿದೆ ಎಂಬ ಗುಲ್ಲೆದ್ದಾಗ, ತಮ್ಮ ಕೆಲಸದ ಮಾನ ಉಳಿಸಲು ನಾಲ್ವರು ನರ್ಸುಗಳು ಒಂದು ಸಂಘ ಕಟ್ಟಿದರು. ಇಂದಿನ ಬ್ರಿಟನ್ನಿನ ಫಿಸಿಯೋಥೆರಪಿ ಸಂಸ್ಥೆ ಬೆಳೆದದ್ದು ಅದರಿಂದಲೇ. ಆದ್ದರಿಂದ ನಮ್ಮ ಹೆಂಗಸರು ಮಹಿಳಾ ಥೆರಪಿಸ್ಟ್ ಬೇಕೆಂದು ಕೇಳಿದರೆ, ಜೊತೆಗೊಬ್ಬರು ಇರಲಿ ಎಂದರೆ, ಎಲ್ಲಿ ಮುಟ್ಟುತ್ತೀರಿ, ಏಕೆ ಎಂದು ವಿಚಾರಿಸಿದರೆ ಅದು ಹಿಂದುಳಿದವರ ಸಂಕೋಚವಲ್ಲ. ಕೇಳಲು ನಾಚಿ ಚಿಕಿತ್ಸೆಯನ್ನೇ ಬಿಡುವವರನ್ನು ನಾನು ಬಲ್ಲೆ. ಅದು ತಪ್ಪು.

ಯಂತ್ರದ ವಿಷಯಕ್ಕೆ ಬರುತ್ತೇನೆ. ಶಾಖ ಕೊಟ್ಟರು, ಅದೂ ಬಿಸಿ-ತಣ್ಣಗೆ ಚರ್ಮಕ್ಕೆ ಗೊತ್ತಾಗುತ್ತದೆಯೇ ಎಂದು ಪರೀಕ್ಷಿಸಿದ ಮೇಲೆ. ಸಕ್ಕರೆ ಕಾಯಿಲೆಯವರಿಗೆ ಸ್ಪರ್ಶ ಮಂದವಾಗಿದ್ದರೆ ಸುಟ್ಟದ್ದೂ ತಿಳಿಯದು. ಶಾಖ ಇಳಿದ ಮೇಲೆ ನಿಜವಾದ ಕೆಲಸ. ಎಡಗೈಯಿಂದ ಮೇಜು ಹಿಡಿದು ಬಾಗಿ, ಬಲಗೈಯನ್ನು ಬಾವಿಯ ಹಗ್ಗದಂತೆ ಇಳಿಬಿಟ್ಟು ಮೆಲ್ಲಗೆ ಸುತ್ತಿಸಬೇಕು. ಗೋಡೆಯ ಮೇಲೆ ಬೆರಳುಗಳನ್ನು ಇರುವೆಯಂತೆ ಹತ್ತಿಸಬೇಕು. ಬೆನ್ನ ಹಿಂದೆ ಟವೆಲ್ ಹಿಡಿದು ಮೇಲಿನ ಕೈಯಿಂದ ಎಳೆಯಬೇಕು. ಒಂದೊಂದು ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಮನೆಯಲ್ಲಿ. ಎಳೆದಂತಾದರೆ ಸರಿ, ಚುಚ್ಚಿದಂತಾದರೆ ನಿಲ್ಲಿಸಿ. ನೋವು ಮರುದಿನವೂ ಉಳಿದರೆ ಕಡಿಮೆ ಮಾಡಿ, ಬಂದು ಹೇಳಿ. ಎಷ್ಟು ದಿನ ಎಂದು ಕೇಳಿದೆ. “ತಿಂಗಳುಗಟ್ಟಲೆ ಸಾರ್. ಕೆಲವರಿಗೆ ಒಂದೆರಡು ವರ್ಷಾನೂ ಆಗುತ್ತೆ. ಪೂರ್ತಿ ಮೊದಲಿನ ಹಾಗೆ ಆಗುತ್ತೆ ಅಂತ ನಾನು ಮಾತು ಕೊಡಲ್ಲ.” ನನಗೆ ಸ್ವಲ್ಪ ಸಿಟ್ಟೇ ಬಂತು.

ಎರಡನೇ ವಾರ ಹೋದಾಗ “ಮಾಡ್ತಿದೀರಾ ಅಮ್ಮಾ?” ಎಂದರು. “ಮೂರು ಹೊತ್ತೂ ಮಾಡ್ತಿದೀನಿ ಬೇಟಿ” ಎಂದರು ಅಮ್ಮಿ. ನಾನೂ ತಲೆಯಾಡಿಸಿದೆ. “ಎಲ್ಲಿ, ಒಂದ್ಸಲ ತೋರಿಸಿ.” ಅಮ್ಮಿಗೆ ಮೇಜು ಹಿಡಿಯುವುದು ಯಾವ ಕೈ ಎಂಬುದೇ ನೆನಪಿರಲಿಲ್ಲ.

ಜೀವಮಾನದಲ್ಲಿ ಎರಡು ಪೈಸೆಯ ಸುಳ್ಳು ಹೇಳದ ಹೆಂಗಸು. ಹಾಲಿನವನು ತಪ್ಪಿ ಹೆಚ್ಚು ಚಿಲ್ಲರೆ ಕೊಟ್ಟರೆ ಬೀದಿಯ ಕೊನೆವರೆಗೂ ಓಡಿಹೋಗಿ ಕೊಟ್ಟುಬರುವವಳು. ಅವಳೇಕೆ ಇಲ್ಲಿ ಸುಳ್ಳಾಡಿದಳು? ಅದು ಸಣ್ಣ ಸುಳ್ಳೂ ಅಲ್ಲ. ಮಾಡದ ವ್ಯಾಯಾಮವನ್ನು ಮಾಡಿದೆ ಎಂದರೆ, ಮಾಡಿದರೂ ಫಲವಿಲ್ಲ ಎಂದು ಥೆರಪಿಸ್ಟ್ ತಿಳಿಯಬಹುದು. ಭಾರ ಹೆಚ್ಚಿಸಬಹುದು, ಚಿಕಿತ್ಸೆ ಬದಲಿಸಬಹುದು, ಬೇಡದ ಪರೀಕ್ಷೆಗೆ ಕಳಿಸಬಹುದು. ಇನ್ನೊಬ್ಬರ ವಿವೇಕವನ್ನು ದಾರಿ ತಪ್ಪಿಸುವ ಸುಳ್ಳು ಅದು.

ಆಟೋದಲ್ಲಿ ಬರುವಾಗ ಕೇಳಿದೆ. “ಹೊತ್ತೆಲ್ಲಿದೆ ಮಗಾ?” ಎಂದಳು. ಬೆಳಗ್ಗೆ ನಾಷ್ಟಾ, ಮಧ್ಯಾಹ್ನ ಮೊಮ್ಮಕ್ಕಳ ಊಟ, ಸಂಜೆ ಚಹಾ, ರಾತ್ರಿ ರೊಟ್ಟಿ. ಇಷ್ಟರ ನಡುವೆ ಎಲ್ಲರೂ ನೋಡುತ್ತಿರುವಾಗ ಗೋಡೆಗೆ ಕೈಹಚ್ಚಿ ನಿಲ್ಲುವುದು ಅವಳಿಗೆ ಆಟದಂತೆ, ಸೋಮಾರಿತನದಂತೆ ಕಾಣುತ್ತಿತ್ತು. “ಅಲ್ಲಾಹ್ ಕೊಟ್ಟಿದ್ದಾನೆ, ಸಬ್ರ್ ಮಾಡ್ತೀನಿ” ಎಂದಳು.

ಈ ಸಬ್ರ್ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಹೆಂಗಸರ ಪಾಲಿಗೇ ಬಿಟ್ಟುಕೊಟ್ಟಿದ್ದೇವೆ, ಮತ್ತು ಅದರ ಅರ್ಧ ಅರ್ಥವನ್ನಷ್ಟೇ. ಸಹನೆಗೆ ನಾವು ಸದಾ ಹೆಸರಿಸುವುದು ಪ್ರವಾದಿ ಅಯ್ಯೂಬರನ್ನು. ಆದರೆ ಕುರ್‌ಆನಿನ ಸ್ವಾದ್ ಅಧ್ಯಾಯದಲ್ಲಿ ಆ ರೋಗಪೀಡಿತರಿಗೆ ಬಂದ ಆಜ್ಞೆ ಸುಮ್ಮನೆ ಮಲಗಿರು ಎಂದಲ್ಲ. ಕಾಲಿನಿಂದ ನೆಲವನ್ನು ಬಡಿ ಎಂದು. ನೀರು ಚಿಮ್ಮಿಸುವವನು ಅವನೇ. ಆದರೂ ನೋಯುವ ಕಾಲನ್ನು ಅಲ್ಲಾಡಿಸಬೇಕಾದವರು ಅಯ್ಯೂಬರು. ಸದಾ ಉಪವಾಸವಿದ್ದು ರಾತ್ರಿಯಿಡೀ ನಮಾಜಿನಲ್ಲಿ ನಿಲ್ಲುತ್ತಿದ್ದ ಅಬ್ದುಲ್ಲಾ ಬಿನ್ ಅಮ್ರ್ ಅವರಿಗೆ, ನಿನ್ನ ದೇಹಕ್ಕೂ ನಿನ್ನ ಮೇಲೆ ಹಕ್ಕಿದೆ ಎಂದು ಪ್ರವಾದಿ(ಸ) ತಿಳಿಹೇಳಿದ್ದನ್ನು ಬುಖಾರಿಯ ಸಂಗ್ರಹದಲ್ಲಿ ನೋಡಬಹುದು. ಆರಾಧನೆಯೆದುರೇ ದೇಹಕ್ಕೆ ಹಕ್ಕಿದೆಯೆಂದ ಮೇಲೆ ರೊಟ್ಟಿಯೆದುರು ಇರದೇ?

ಇದನ್ನೆಲ್ಲ ಅಮ್ಮಿಗೆ ಆಟೋದಲ್ಲೇ ಉಪದೇಶ ಮಾಡಿದೆ. ಕಥೆ ಬರೆಯುವವರಿಗೆ ಇದೊಂದು ಚಟ. ಅವಳು ಕೇಳಿಸಿಕೊಂಡು, “ಹೌದು, ರಾತ್ರಿ ರೊಟ್ಟಿ ಯಾರು ತಟ್ಟಬೇಕು?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಥೆರಪಿಸ್ಟ್ ಗುಣ ಮಾಡಲಿ ಎಂದು ಅಮ್ಮಿ ಬಯಸಿದ್ದಳು, ಅಮ್ಮಿ ವ್ಯಾಯಾಮ ಮಾಡಲಿ ಎಂದು ನಾನು. ಹತ್ತು ನಿಮಿಷ ಬಿಡುವು ಕೊಡಬೇಕಾದವನು ನಾನು ಎಂದು ಯಾರೂ ಕಾರ್ಡಿನಲ್ಲಿ ಬರೆದಿರಲಿಲ್ಲ. ನಾನು ತಲೆಯಾಡಿಸಿದ್ದು ಅವಳ ಮಾನ ಕಾಯಲಿಕ್ಕೋ ನನ್ನದನ್ನು ಮುಚ್ಚಲಿಕ್ಕೋ, ಇಂದಿಗೂ ತೀರ್ಮಾನಿಸಲಾಗಿಲ್ಲ.

ಕಸರತ್ತು ಎಂಬ ಪದ ಕನ್ನಡಕ್ಕೆ ಬಂದದ್ದು ಉರ್ದುವಿನ ಕಸರತ್‌ನಿಂದ. ಮೂಲದ ಅರಬಿಯಲ್ಲಿ ಅದಕ್ಕೆ ಹೇರಳ, ವಿಪುಲ ಎಂದರ್ಥ. ಕಸರತ್ತಿನಿಂದ ದರೂದ್ ಓದು ಎಂದರೆ ಮತ್ತೆ ಮತ್ತೆ ಓದು ಎಂದು. ಉರ್ದು ಶಾಲೆಯಲ್ಲಿ ಕಲಿತ ಈ ಅರ್ಥವನ್ನು ಹೇಳಿದಾಗ ಅಮ್ಮಿ ಮೊದಲ ಸಲ ನಕ್ಕಳು. ಈಗ ತಸ್ಬೀಹ್ ಎಣಿಸುವ ಹಾಗೆಯೇ ಎಡಗೈ ಬೆರಳ ಗೆಣ್ಣುಗಳಲ್ಲಿ ಗೋಡೆ ಹತ್ತುವ ಲೆಕ್ಕ ಇಡುತ್ತಾಳೆ.

ಮುಂದಿನ ಭೇಟಿಯಲ್ಲಿ ಕೇಳುವ ಮೊದಲೇ “ಮೂರು ದಿನ ಮಾಡಿಲ್ಲ ಬೇಟಿ, ನೆಂಟರು ಬಂದಿದ್ರು” ಎಂದಳು. ಥೆರಪಿಸ್ಟ್ ಗದರಲಿಲ್ಲ. ಮೂರು ಹೊತ್ತನ್ನು ಎರಡಕ್ಕಿಳಿಸಿ, ಒಂದನ್ನು ಅಸರ್ ನಮಾಜಿನ ಬೆನ್ನಿಗೆ ಇಟ್ಟುಕೊಳ್ಳಿ ಎಂದು ಕಾರ್ಡಿನಲ್ಲಿ ಬರೆದರು. ನಾಲ್ಕು ತಿಂಗಳ ಮೇಲೆ ತೋಳು 105ಕ್ಕೆ ಬಂದಿದೆ. ಜಡೆಗೆ ಇನ್ನೂ ಸೊಸೆಯ ಕೈ ಬೇಕು.

ಅಸರ್ ಆದ ಮೇಲಿನ ಚಹಾ ಈಗ ನನ್ನ ಪಾಲಿಗೆ ಬಂದಿದೆ. ಅದು ಬಾಯಿಗೆ ಇಡುವಂತಿರುವುದಿಲ್ಲ ಎಂದು ಅಮ್ಮಿ ಪಕ್ಕದ ಮನೆಯವರಿಗೆ ಹೇಳುತ್ತಿದ್ದುದು ನನ್ನ ಕಿವಿಗೂ ಬಿದ್ದಿದೆ.