ಹುಲಿ ಸವಾರಿಯೂ ವಿದ್ಯಾರ್ಥಿಯ ದೇಹವೂ

ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ, ಬೆಣ್ಣಿಹಳ್ಳದ ದಂಡೆಯ ಮೇಲಿರುವ ಗದ್ದುಗೆಯನ್ನು ಹಿಂದೂಗಳು ಚಾಂಗದೇವನದೆಂದೂ ಮುಸ್ಲಿಮರು ರಾಜಾಬಾಗಸವಾರನದೆಂದೂ, ಅಂದರೆ ಹುಲಿಯನ್ನೇರಿದ ದೊರೆಯದೆಂದೂ, ನಂಬಿ ನಡೆದುಕೊಳ್ಳುತ್ತಾರೆ. ಯೋಗಬಲದಿಂದ 1400 ವರ್ಷ ಬದುಕಿದ್ದ ಚಾಂಗದೇವನು ಹಾವನ್ನು ಚಾವಟಿಯಾಗಿ ಹಿಡಿದು, ಹುಲಿಯ ಮೇಲೆ ಕುಳಿತು ಸಂತ ಜ್ಞಾನೇಶ್ವರನನ್ನು ಕಾಣಲು ಬಂದನೆಂದೂ, ಜ್ಞಾನೇಶ್ವರನು ತಾನು ಕುಳಿತಿದ್ದ ಗೋಡೆಯನ್ನೇ ನಡೆಸಿಕೊಂಡು ಎದುರುಗೊಂಡಾಗ ಅವನ ಗರ್ವ ಇಳಿಯಿತೆಂದೂ ಮರಾಠಿ ಸಂತ ಪರಂಪರೆಯ ಐತಿಹ್ಯ ಹೇಳುತ್ತದೆ. ಜ್ಞಾನೇಶ್ವರ (1275–1296) ಬದುಕಿದ್ದು 21 ವರ್ಷ, ಅಂದರೆ ಇಂದಿನ ಪದವಿ ವಿದ್ಯಾರ್ಥಿಯ ವಯಸ್ಸಿನವರೆಗೆ. ಹದಿನಾಲ್ಕು ಶತಮಾನಗಳ ಕಾಲ ದೇಹವನ್ನು ಹಿಡಿತದಲ್ಲಿಟ್ಟವನು ಆ ಎಳೆಯನ ಮುಂದೆ ತಲೆಬಾಗಿದನೆಂಬುದರಲ್ಲಿ, ದೇಹವನ್ನು ಗೆಲ್ಲುವುದು ಸಾಧನೆಯೇ ಎಂಬ ಪ್ರಶ್ನೆ ಅಡಗಿದೆ.

ಇದು ಯೋಗಿಗಳಿಗಷ್ಟೇ ಸಂಬಂಧಿಸಿದ ಪ್ರಶ್ನೆಯಲ್ಲ. ನಸುಕಿನಲ್ಲೆದ್ದು ಚಹಾ ಒಂದನ್ನೇ ಕುಡಿದು ನವಲಗುಂದಕ್ಕೋ ಹುಬ್ಬಳ್ಳಿಗೋ ಬಸ್ಸು ಹಿಡಿಯುವ, ಪಾಸು ತೋರಿಸಿ ನಿಂತೇ ಪ್ರಯಾಣಿಸುವ, ಬುತ್ತಿಯ ಜೋಳದ ರೊಟ್ಟಿಯನ್ನು ಮಧ್ಯಾಹ್ನದವರೆಗೂ ಚೀಲದಲ್ಲೇ ಉಳಿಸಿಕೊಳ್ಳುವ, ಸಂಜೆ ಮರಳಿ ದನಕರುಗಳ ಕೆಲಸಕ್ಕೆ ಕೈಹಚ್ಚಿ ಊರು ಮಲಗಿದ ಮೇಲೆ ಓದಲು ಕೂಡುವ ವಿದ್ಯಾರ್ಥಿಯೂ ದೇಹದ ಮೇಲೆ ಒಂದು ಬಗೆಯ ಸವಾರಿಯನ್ನೇ ಮಾಡುತ್ತಿರುತ್ತಾನೆ. ನಿದ್ದೆಗೆಟ್ಟು ಓದುವುದನ್ನು ಮನೆಯವರೂ ಗುರುಗಳೂ ತಪಸ್ಸೆಂದು ಹೊಗಳುತ್ತಾರೆ. ಆದರೆ ಓದಿದ್ದು ನೆನಪಿನಲ್ಲಿ ನೆಲೆಯೂರಲು ನಿದ್ದೆ ಮುಖ್ಯವೆಂದು ಇಂದಿನ ವಿಜ್ಞಾನ ಕಂಡುಕೊಂಡಿದೆ. 18ರಿಂದ 25ರ ವಯಸ್ಸಿನವರಿಗೆ ದಿನಕ್ಕೆ 7ರಿಂದ 9 ತಾಸು ನಿದ್ದೆ ಬೇಕೆಂಬುದು ತಜ್ಞರ ಸಲಹೆ.

ತಪಸ್ಸಿನ ಮಿತಿಯನ್ನು ಹಳೆಯ ಗ್ರಂಥಗಳೂ ಬಲ್ಲವು. ಕಾಳಿದಾಸನ ಕುಮಾರಸಂಭವದಲ್ಲಿ, ಉಗ್ರ ತಪಸ್ಸಿನಲ್ಲಿರುವ ಪಾರ್ವತಿಯ ಬಳಿಗೆ ವಟುವೇಷದಲ್ಲಿ ಬರುವ ಶಿವನು, ಧರ್ಮಸಾಧನೆಗೆ ಶರೀರವೇ ಮೊದಲ ಸಾಧನವೆಂದು ನೆನಪಿಸಿ, ಶಕ್ತಿಗೆ ತಕ್ಕಷ್ಟೇ ತಪಸ್ಸು ಮಾಡುತ್ತಿರುವೆಯಾ ಎಂದು ವಿಚಾರಿಸುತ್ತಾನೆ. ಅತಿಯಾಗಿ ಉಣ್ಣುವವನಿಗೂ ಉಪವಾಸವಿರುವವನಿಗೂ, ಅತಿಯಾಗಿ ಮಲಗುವವನಿಗೂ ಎಚ್ಚರವಿರುವವನಿಗೂ ಯೋಗ ದಕ್ಕದೆಂದು ಭಗವದ್ಗೀತೆಯ ಆರನೆಯ ಅಧ್ಯಾಯ ಹೇಳುತ್ತದೆ.

ಆದರೂ ಶರೀರವನ್ನು ಬರಿಯ ಸಾಧನವೆಂದು ಕಾಣುವುದರಲ್ಲಿ ಒಂದು ತೊಡಕಿದೆ. ಸಾಧನದ ಬೆಲೆ ಅದು ಸಾಧಿಸಿಕೊಡುವ ಫಲದಿಂದ ನಿಗದಿಯಾಗುವುದರಿಂದ, ಅಂಕಗಳಿಗಾಗಿ ಆರೋಗ್ಯ ಕಾಪಾಡಿಕೊಳ್ಳಬೇಕೆನ್ನುವವರು, ಅದೇ ಅಂಕಗಳಿಗಾಗಿ ಆರೋಗ್ಯವನ್ನು ಕಳೆದುಕೊಳ್ಳಲೂ ಒಪ್ಪಿಗೆ ಕೊಟ್ಟಂತಾಗುತ್ತದೆ. ಹನ್ನೆರಡನೆಯ ಶತಮಾನದ ಶರಣರ ನಿಲುವು ಇಲ್ಲಿ ಹೆಚ್ಚು ಗಟ್ಟಿ. ದೇಹವನ್ನೇ ದೇಗುಲವೆಂದ ಬಸವಣ್ಣನ ದೃಷ್ಟಿಯಲ್ಲಿ ಅದರ ಆರೈಕೆಗೆ ಬೇರೊಂದು ಫಲದ ಸಮರ್ಥನೆ ಬೇಕಿಲ್ಲ. ಪರೀಕ್ಷೆಯಲ್ಲಿ ನಪಾಸಾದವನ ದೇಹವೂ ದೇಗುಲವೇ. ಹಾಗೆಂದು ದೇಹಸಿದ್ಧಿಯನ್ನು ಶರಣರು ಮೆಚ್ಚಲಿಲ್ಲ: ಯೋಗಿ ಗೋರಕ್ಷನು ಕತ್ತಿಯೇಟಿಗೂ ಜಗ್ಗದ ವಜ್ರದೇಹವನ್ನು ಮೆರೆಸಿದಾಗ, ಶರಣ ಅಲ್ಲಮಪ್ರಭುವು ಆ ಸಿದ್ಧಿಯನ್ನು ಅಲ್ಲಗಳೆದ ಪ್ರಸಂಗ ಚಾಮರಸನ ಪ್ರಭುಲಿಂಗಲೀಲೆಯಲ್ಲಿದೆ. ಚಾಂಗದೇವನ ಕಥೆಗೆ ಕನ್ನಡದ ಜೋಡಿ ಇದು.

ದೇಹದ ಆರೈಕೆಯ ಮಾತು ಮನಸ್ಸಿಗೂ ಸಲ್ಲುತ್ತದೆ, ಆ ವಿಷಯದಲ್ಲಿ ಯಮನೂರಿನ ಆಚರಣೆಯೇ ಒಂದು ವಿಚಾರವನ್ನು ಮುಂದಿಡುತ್ತದೆ. ಜಾತ್ರೆಯಲ್ಲಿ ಚರ್ಮರೋಗ ವಾಸಿಯಾಗಲೆಂದು ಹರಕೆ ಹೊತ್ತವರು, ಜಾತಿಮತಗಳ ಭೇದವಿಲ್ಲದೆ, ನಾಲ್ಕು ಮಂದಿಯ ಕಣ್ಣೆದುರಿಗೇ ಬೆಣ್ಣಿಹಳ್ಳದಲ್ಲಿ ಮೀಯುತ್ತಾರೆ. ಆ ನೀರು ರೋಗವನ್ನು ಗುಣಪಡಿಸುತ್ತದೆಂಬುದು ನಂಬಿಕೆಯ ಮಾತು, ಚರ್ಮರೋಗಕ್ಕೆ ವೈದ್ಯರು ಬೇಕೇ ಬೇಕು. ಆದರೆ ತನಗೊಂದು ಬೇನೆಯಿದೆಯೆಂದು ಸಂಕೋಚವಿಲ್ಲದೆ ಒಪ್ಪಿಕೊಳ್ಳಲು ಆ ದಂಡೆ ಎಡೆಮಾಡಿಕೊಟ್ಟಿದೆ. ಮೈಯ ಬೇನೆಗೆ ಇಷ್ಟು ಉದಾರವಾದ ಸಮಾಜವು, ವಾರಗಟ್ಟಲೆ ಮಂಕಾಗಿ ಕೂತ, ಊಟ ಸೇರದ, ಪುಸ್ತಕ ತೆರೆದರೆ ಎದೆ ಹೊಡೆದುಕೊಳ್ಳುವ ಹುಡುಗಿಗೆ ಮಾತ್ರ ಮಂದಿ ಏನಂದಾರು ಎಂದು ಬಾಯಿ ಮುಚ್ಚಿಸುವುದು ಧರ್ಮದೃಷ್ಟಿಯಿಂದಲೂ ಸಲ್ಲದು. ಅಂಥವಳಿಗೆ ನೆರವು ದೂರವಿಲ್ಲ: 1845ರಲ್ಲಿ ಮಾನಸಿಕ ಆಸ್ಪತ್ರೆಯಾಗಿ ಆರಂಭವಾದ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಯಮನೂರಿರುವ ಜಿಲ್ಲೆಯಲ್ಲೇ ಇದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಕರೆಮಾಡಿ, ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.