ಹಳೆಯ ಕಾರು, ಹೊಸ ತಗಡು

ನಮ್ಮ ಮನೆಯ ಹಟ್ಟಿಯಲ್ಲಿ ಈಗ ದನಗಳಿಲ್ಲ. ಅಲ್ಲಿ ನಿಂತಿರುವುದು 1968ರ ಅಂಬಾಸಿಡರ್ ಮಾರ್ಕ್ ಟು ಕಾರು. ತಂದೆಯವರು ತೀರಿಕೊಂಡ ಮೇಲೆ ಅದು ಹದಿನಾಲ್ಕು ಮಳೆಗಾಲಗಳನ್ನು ಅಲ್ಲಿಯೇ ಕಳೆಯಿತು. ಎರಡು ವರ್ಷಗಳಿಂದ ನಾನೂ ಭಾವನೂ ಸೇರಿ ಅದನ್ನು ಸರಿಪಡಿಸಿದೆವು. ಮೊನ್ನೆ ಕೊಳ್ಳಲು ಬಂದವರೊಬ್ಬರು ಸುತ್ತಲೂ ನೋಡಿ, "ಎಲ್ಲಾಂ ಒರಿಜಿನಲ್ ತನ್ನೆಯಲ್ಲೇ?" ಎಂದು ಕೇಳಿದರು. ಭಾವ "ಅದೆ" ಎಂದುಬಿಟ್ಟರು. ನಾನು ಸುಮ್ಮನಿದ್ದೆ. ಆ ಮೌನವೇ ಈ ಬರಹಕ್ಕೆ ಕಾರಣ.

ನಮ್ಮ ಕರಾವಳಿಯ ಗಾಳಿಯಲ್ಲಿ ನೀರೂ ಇದೆ, ಉಪ್ಪೂ ಇದೆ. ಅಲ್ಯೂಮಿನಿಯಮಿನ ಮೇಲೆ ಕಟ್ಟುವ ಪೊರೆ ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಉಬ್ಬಿ, ಬಣ್ಣವನ್ನು ಎತ್ತಿ, ಹುಡಿಯಾಗಿ ಉದುರಿ, ಒಳಗಿನದಕ್ಕೂ ದಾರಿ ಬಿಡುತ್ತದೆ. ಬಾಗಿಲ ಅಡಿಯಲ್ಲಿ ಸಣ್ಣ ಗುಳ್ಳೆಯಂತೆ ಕಂಡದ್ದನ್ನು ಸ್ಕ್ರೂಡ್ರೈವರಿನಿಂದ ಒತ್ತಿದರೆ ಅಂಗೈ ಅಗಲದ ತೂತು! ತೂತಿಗೆ ಪುಟ್ಟಿ ತುಂಬಿ ಬಣ್ಣ ಬಳಿಯಬಹುದಿತ್ತು. ಹೊರಗೆ ಚೆಂದ ಕಂಡರೂ ಒಳಗೆ ತುಕ್ಕು ತನ್ನ ಕೆಲಸ ಮುಂದುವರಿಸುತ್ತಿತ್ತು. ಅದು ಬೇಡವೆಂದು ಗಟ್ಟಿ ಕಬ್ಬಿಣ ಸಿಗುವ ತನಕ ಕತ್ತರಿಸಿ, ಹೊಸ ತಗಡು ಬೆಸೆದೆವು. ನೆಲ, ಎರಡು ಬಾಗಿಲುಗಳ ಕೆಳಭಾಗ, ಡಿಕ್ಕಿಯ ತಳ ಎಲ್ಲವೂ ಹೊಸತು. 1489 ಸಿಸಿಯ ಎಂಜಿನ್ ಮಾತ್ರ ಹಳೆಯದೇ.

ಹಾಗಾದರೆ ಇದು ಅದೇ ಕಾರೇ? ಪ್ರಶ್ನೆ ಹೊಸತಲ್ಲ. ಥೀಸಿಯಸ್‌ನ ಹಡಗಿನ ಕೊಳೆತ ಹಲಗೆಗಳನ್ನು ಅಥೆನ್ಸಿನವರು ಒಂದೊಂದಾಗಿ ಬದಲಿಸಿದರೆಂದೂ, ಅದು ಅದೇ ಹಡಗೇ ಎಂದು ತತ್ವಜ್ಞಾನಿಗಳು ವಾದಿಸುತ್ತಿದ್ದರೆಂದೂ ಪ್ಲುಟಾರ್ಕ್ ಬರೆದಿದ್ದಾನೆ. 17ನೆಯ ಶತಮಾನದಲ್ಲಿ ಹಾಬ್ಸ್ ಇನ್ನೊಂದು ತೊಡಕು ಸೇರಿಸಿದ: ತೆಗೆದ ಹಲಗೆಗಳನ್ನೆಲ್ಲ ಕೂಡಿಸಿ ಇನ್ನೊಂದು ಹಡಗು ಕಟ್ಟಿದರೆ ನಿಜವಾದದ್ದು ಯಾವುದು? ನಮ್ಮ ಹಳೆಯ ತಗಡುಗಳೂ ಹಲಸಿನ ಮರದ ಬುಡದಲ್ಲಿ ರಾಶಿ ಬಿದ್ದಿವೆ. 'ಮಿಲಿಂದಪಞ್ಹ'ದಲ್ಲಿ ಭಿಕ್ಷು ನಾಗಸೇನ ಅರಸನನ್ನು ಕೇಳುತ್ತಾನೆ: ಅಚ್ಚು ರಥವೇ, ಗಾಲಿ ರಥವೇ? ಯಾವುದೂ ಅಲ್ಲ, ಭಾಗಗಳು ಕೂಡಿದಾಗ ಸಲ್ಲುವ ಹೆಸರಷ್ಟೇ ರಥ. ಕಾನೂನಿಗೆ ಇಷ್ಟು ತಾಳ್ಮೆಯಿಲ್ಲ. 2021ರ ಕೇಂದ್ರ ನಿಯಮಗಳ ಪ್ರಕಾರ 50 ವರ್ಷ ದಾಟಿ, ಮೂಲರೂಪದಲ್ಲಿದ್ದು, ಚಾಸಿ, ಬಾಡಿ, ಎಂಜಿನುಗಳಲ್ಲಿ ದೊಡ್ಡ ಮಾರ್ಪಾಟಾಗದ ವಾಹನವೇ ವಿಂಟೇಜ್.

ರಾತ್ರಿ ಊಟದ ಹೊತ್ತಿಗೆ ಭಾವನೊಡನೆ ಮಾತು ತೆಗೆದೆ. "ಮಾವ ಓಡಿಸಿದ ಕಾರು ಇದುವೇ ಅಲ್ಲವಾ? ಮತ್ತೆ ಸುಳ್ಳು ಎಲ್ಲಿಂದ ಬಂತು?" ಎಂದರು. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಸ್ಟಿಯರಿಂಗ್ ಹಿಡಿದಾಗ ತಂದೆಯವರ ನೆನಪಾಗದ ದಿನವಿಲ್ಲ. ನಾಗಸೇನನೂ ಬಹುಶಃ ಭಾವನ ಕಡೆಗೇ ನಿಂತಾನು.

ಆದರೆ ಬಂದವರು ಕೇಳಿದ್ದು ತತ್ವಶಾಸ್ತ್ರವನ್ನಲ್ಲ. ತಮಗೆ ಕಾಣದ್ದು, ನಮಗೆ ಗೊತ್ತಿರುವುದು ಏನಾದರೂ ಇದೆಯೇ ಎಂದು ಕೇಳಿದರು. ಕಾರು ಅದೇ ಹೌದೋ ಅಲ್ಲವೋ ಎಂಬುದರಲ್ಲಿ ವಾದವಿರಬಹುದು. ನೆಲದ ತಗಡು ಹೊಸತೆಂಬುದರಲ್ಲಿ ವಾದವಿಲ್ಲ. ಬದಲಿಸಿದ್ದು ತಪ್ಪಲ್ಲ, ಕೊಳೆತದ್ದನ್ನು ಬದಲಿಸದೆ ಯಾವ ಹಳೆಯ ವಸ್ತುವೂ ಉಳಿಯುವುದಿಲ್ಲ. ಬದಲಿಸಿದ್ದನ್ನು ಮರೆಮಾಡಿದ್ದು ತಪ್ಪು. ತಗಡಿಗೆ ಪುಟ್ಟಿ ಬೇಡವೆಂದ ನಾವೇ ಮಾತಿಗೆ ಪುಟ್ಟಿ ತುಂಬಿದೆವು.

ಮರುದಿನ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಕ್ಕಟ್ಟೆ" ಎಂದರು. ಮತ್ತೆ ಬರಲಿಲ್ಲ. ಭಾವ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ, ಬದಲಿಸಿದ ಭಾಗಗಳ ಪಟ್ಟಿಯನ್ನು ತಾವೇ ಒಂದು ನೋಟುಪುಸ್ತಕದಲ್ಲಿ ಬರೆದು ಕಾರಿನೊಳಗಿಟ್ಟರು. ಕಾರು ಹಟ್ಟಿಯಲ್ಲಿಯೇ ಇದೆ.